ಆಗುಂಬೆ ಘಾಟಿ ಮತ್ತು ರಾತ್ರೋರಾತ್ರಿ ಬದಲಾಗುವ ಕಾರು

ಪ್ರಶ್ನೆ: ತೀರ್ಥಹಳ್ಳಿ ತಾಲ್ಲೂಕಿನ ಹಳ್ಳಿಯೊಂದರಲ್ಲಿ ನಮ್ಮದು ಅಡಿಕೆ ತೋಟ. ಕಳೆದ ದೀಪಾವಳಿಗೆ ಎಲೆಕ್ಟ್ರಿಕ್ ಕಾರು ಕೊಂಡೆವು. ಶಿವಮೊಗ್ಗದ ವಿನೋಬನಗರದಲ್ಲಿರುವ ನನ್ನ ಭಾವನ ಬಳಿಯೂ ಅದೇ ಮಾದರಿಯ ಕಾರಿದೆ. ಅವರ ಕಾರಿಗೆ ಹೊಸ ಸಾಫ್ಟ್‌ವೇರ್ ಬಂದು ಐದು ವಾರವಾಯಿತು, ನಮ್ಮದಕ್ಕೆ ಇನ್ನೂ ಇಲ್ಲ. ಷೋರೂಮಿನಲ್ಲಿ ಕೇಳಿದರೆ ಕಾಯಿರಿ ಎನ್ನುತ್ತಾರೆ. ಜುಲೈನಲ್ಲಿ ಬಂದ ಹಿಂದಿನ ಅಪ್‌ಡೇಟ್ ಹಾಕುವಾಗ ಕರೆಂಟ್ ಹೋಗಿ, ಪರದೆ ಕಪ್ಪಾಗಿ, ಮುಕ್ಕಾಲು ಗಂಟೆ ಕಾರು ಯಾವುದಕ್ಕೂ ಸ್ಪಂದಿಸಲಿಲ್ಲ. ತಾಯಿಯವರನ್ನು ತಿಂಗಳಿಗೊಮ್ಮೆ ಆಗುಂಬೆ ಘಾಟಿ ಇಳಿದು ಮಣಿಪಾಲಕ್ಕೆ ಕರೆದುಕೊಂಡು ಹೋಗಬೇಕು. ಹೊಸ ಸಾಫ್ಟ್‌ವೇರ್ ಬಂದ ಮೇಲೆ ಆಕ್ಸಲರೇಟರ್‌ನಿಂದ ಕಾಲು ತೆಗೆದರೆ ಕಾರು ಮೊದಲಿನಷ್ಟು ಹಿಡಿಯುವುದಿಲ್ಲ ಎಂದು ಭಾವ ಹೇಳುತ್ತಾರೆ. ಅಪ್‌ಡೇಟ್ ಹಾಕದೆ ಇರುವುದೇ ಒಳ್ಳೆಯದೇ? ಘಾಟಿಯ ನಡುವೆ ಕಾರು ಕೈಕೊಟ್ಟರೆ ಏನು ಮಾಡುವುದು?

ಉತ್ತರ: ನಿಮ್ಮ ಪತ್ರದಲ್ಲಿ ಮೂರು ಸಂಗತಿಗಳಿವೆ. ಕೊನೆಯದನ್ನು ಮೊದಲು ಎತ್ತಿಕೊಳ್ಳುತ್ತೇನೆ, ಏಕೆಂದರೆ ಆ ಕಾರಿನಲ್ಲಿ ನಿಮ್ಮ ತಾಯಿಯವರು ಕುಳಿತಿರುತ್ತಾರೆ.

ಅಪ್‌ಡೇಟ್ ಹಾಕಿಕೊಳ್ಳಿ, ಬಿಡಬೇಡಿ. ಆದರೆ ಮಣಿಪಾಲಕ್ಕೆ ಹೊರಡುವ ಹಿಂದಿನ ರಾತ್ರಿ ಹಾಕಬೇಡಿ. ಹಾಕಿದ ಮೇಲೆ ಮೊದಲ ಸಲ ಘಾಟಿ ಇಳಿಯುವಾಗ ನಿಮ್ಮದೇ ಕಾರನ್ನು ನೆಂಟರಿಂದ ಎರವಲು ತಂದ ಕಾರೆಂದು ಭಾವಿಸಿ ಓಡಿಸಿ. ನಾನು ಹನ್ನೆರಡು ವರ್ಷ ವಾಹನಗಳ ನಿಯಂತ್ರಣ ತಂತ್ರಾಂಶವನ್ನು ಪರೀಕ್ಷಿಸುವ ಕೆಲಸ ಮಾಡಿದವನು. ಈಗ ಶಿವಮೊಗ್ಗದಲ್ಲಿ ಎಲೆಕ್ಟ್ರಿಕ್ ವಾಹನಗಳ ದೋಷ ಹುಡುಕುವುದೇ ನನ್ನ ದಿನನಿತ್ಯದ ಉದ್ಯೋಗ. ಅಷ್ಟು ವರ್ಷದ ಅನುಭವದಿಂದ ಹೇಳುವ ಮಾತು ಇಷ್ಟೇ. ಮುಂದಿನದು ಅದಕ್ಕೆ ಕಾರಣ.

ಭಾವನವರ ಮಾತನ್ನು ಭ್ರಮೆಯೆಂದು ತಳ್ಳಿಹಾಕಬೇಡಿ. ಕಾಲು ತೆಗೆದಾಗ ಎಲೆಕ್ಟ್ರಿಕ್ ಕಾರು ತಾನಾಗಿ ಹಿಡಿದುಕೊಳ್ಳುತ್ತದಲ್ಲ, ಆಗ ಮೋಟಾರು ಜನರೇಟರ್ ಆಗಿ ತಿರುಗಿ ಕಾರಿನ ವೇಗವನ್ನು ವಿದ್ಯುತ್ತಾಗಿ ಮಾಡಿ ಬ್ಯಾಟರಿಗೆ ತುಂಬುತ್ತಿರುತ್ತದೆ. ಇದಕ್ಕೆ ರೀಜನ್ ಎನ್ನುತ್ತಾರೆ. ಹಳೆಯ ಡೀಸೆಲ್ ಜೀಪನ್ನು ಎರಡನೇ ಗೇರಿಗೆ ಹಾಕಿ ಘಾಟಿ ಇಳಿಸಿದಾಗ ಎಂಜಿನ್ ಹಿಡಿಯುತ್ತಿದ್ದುದು ಕಬ್ಬಿಣದ ಗುಣ, ಅದು ರಾತ್ರಿ ಬೆಳಗಾಗುವುದರೊಳಗೆ ಬದಲಾಗುವಂಥದ್ದಲ್ಲ. ಎಲೆಕ್ಟ್ರಿಕ್ ಕಾರಿನಲ್ಲಿ ಎಷ್ಟು ಹಿಡಿಯಬೇಕು ಎಂಬುದು ತಂತ್ರಾಂಶದ ಒಳಗಿರುವ ಒಂದು ಕೋಷ್ಟಕ. ವೇಗ ಇಷ್ಟು, ಬ್ಯಾಟರಿ ತುಂಬಿರುವುದು ಇಷ್ಟು, ಅದರ ಬಿಸಿ ಇಷ್ಟು, ಹಾಗಾದರೆ ಹಿಡಿಯುವ ಬಲ ಇಷ್ಟು ಎಂದು ಸಾಲುಸಾಲು ಸಂಖ್ಯೆಗಳು. ನಗರದಲ್ಲಿ ಓಡಿಸುವವರು ಕಾಲು ತೆಗೆದರೆ ಕಾರು ಜಗ್ಗುತ್ತದೆ ಎಂದು ದೂರಿದರೆ ಕಂಪನಿಯವರು ಆ ಸಂಖ್ಯೆಗಳನ್ನು ತುಸು ಇಳಿಸಬಹುದು. ಅವರ ಪಾಲಿಗೆ ಅದು ಸುಧಾರಣೆ. ಹದಿನಾಲ್ಕು ಹೇರ್‌ಪಿನ್ ತಿರುವು ಇಳಿಯುವ ನಿಮಗೆ ಅದು ಬೇರೆಯೇ ಕಾರು.

ಆದರೆ ತೀರ್ಮಾನಕ್ಕೆ ಬರುವ ಮೊದಲು ಭಾವನವರನ್ನು ಒಂದು ಪ್ರಶ್ನೆ ಕೇಳಿ: ಅಂದು ಹೊರಟಾಗ ಬ್ಯಾಟರಿ ನೂರಕ್ಕೆ ನೂರು ತುಂಬಿತ್ತೇ? ತುಂಬಿದ ಬ್ಯಾಟರಿಯಲ್ಲಿ ಮತ್ತೆ ವಿದ್ಯುತ್ ಹಿಡಿಸಲು ಜಾಗವಿರುವುದಿಲ್ಲ. ಆಗ ರೀಜನ್ ತಾನಾಗಿ ಕಡಿಮೆಯಾಗುತ್ತದೆ, ಕೆಲವು ಕಾರುಗಳಲ್ಲಿ ಪೂರ್ತಿ ನಿಲ್ಲುತ್ತದೆ. ಲೆಕ್ಕ ಹಾಕಿ ನೋಡೋಣ. ಜನ, ಸಾಮಾನು ಸೇರಿ 1,600 ಕಿಲೋ ತೂಕದ ಕಾರು 500 ಮೀಟರ್ ಎತ್ತರದಿಂದ ಇಳಿದರೆ ಬಿಡುಗಡೆಯಾಗುವ ಶಕ್ತಿ 2 ಯೂನಿಟ್‌ಗಿಂತ ತುಸು ಹೆಚ್ಚು. ಗಾಳಿ, ಟೈರು, ಮೋಟಾರಿನ ನಷ್ಟ ಕಳೆದು ಬ್ಯಾಟರಿಗೆ ಮರಳುವುದು ಒಂದು, ಒಂದೂವರೆ ಯೂನಿಟ್. 30 ಯೂನಿಟ್ ಸಾಮರ್ಥ್ಯದ ಬ್ಯಾಟರಿಗೆ ಅದು ನೂರಕ್ಕೆ ನಾಲ್ಕೈದು ಪಾಲು. ಅಷ್ಟು ಜಾಗ ಖಾಲಿ ಇಲ್ಲದಿದ್ದರೆ ಆ ಶಕ್ತಿಯೆಲ್ಲ ಬ್ರೇಕಿನ ಪ್ಯಾಡ್‌ಗಳಲ್ಲಿ ಬಿಸಿಯಾಗಿ ಕಳೆಯಬೇಕು. ಆದ್ದರಿಂದ ಆಗುಂಬೆ ತಲುಪುವ ಹೊತ್ತಿಗೆ ಚಾರ್ಜ್ 90ರ ಕೆಳಗಿರಲಿ. ನೀವು ತೀರ್ಥಹಳ್ಳಿ ಕಡೆಯಿಂದ ಬರುವುದರಿಂದ ದಾರಿಯಲ್ಲೇ ಒಂದಿಷ್ಟು ಖರ್ಚಾಗುತ್ತದೆ. ಆಗುಂಬೆಯಲ್ಲೇ ರಾತ್ರಿ ತಂಗಿ, ಪೂರ್ತಿ ಚಾರ್ಜ್ ಮಾಡಿಕೊಂಡು, ಬೆಳಿಗ್ಗೆ ನೇರ ಇಳಿಯುವ ಪ್ರವಾಸಿಗರೇ ಹೆಚ್ಚು ಎಚ್ಚರವಿರಬೇಕಾದವರು.

ತಂತ್ರಾಂಶದ ತಪ್ಪು ಇಳಿಜಾರಿನಲ್ಲಿ ಹೇಗೆ ಹೊರಬೀಳುತ್ತದೆ ಎಂಬುದಕ್ಕೆ 2025ರಲ್ಲಿ ವೋಲ್ವೊ ಕಂಪನಿಗೆ ಎದುರಾದ ಪ್ರಸಂಗವನ್ನು ಮಲೆನಾಡಿನವರೆಲ್ಲ ತಿಳಿದಿರಬೇಕು. ಅಮೆರಿಕದಲ್ಲಿ ಅದರ ಪ್ಲಗ್‌ಇನ್ ಹೈಬ್ರಿಡ್ (ಎಂಜಿನ್ನೂ ಚಾರ್ಜ್ ಮಾಡುವ ಬ್ಯಾಟರಿಯೂ ಇರುವ) ಮತ್ತು ಎಲೆಕ್ಟ್ರಿಕ್ ಕಾರುಗಳಿಗೆ ಒಂದು ಹೊಸ ಆವೃತ್ತಿ ಹೋಯಿತು. ಹೈಬ್ರಿಡ್ ಕಾರನ್ನು ರೀಜನ್ ಹೆಚ್ಚು ಹಿಡಿಯುವ ‘ಬಿ’ ಗೇರಿನಲ್ಲಿ, ಎಲೆಕ್ಟ್ರಿಕ್ ಕಾರನ್ನು ಒಂದೇ ಪೆಡಲಿನಲ್ಲಿ ಓಡಿಸುವ ವಿಧಾನದಲ್ಲಿ ಇಟ್ಟು, ಎರಡು ಪೆಡಲುಗಳನ್ನೂ ಮುಟ್ಟದೆ 1 ನಿಮಿಷ 40 ಸೆಕೆಂಡ್ ಇಳಿಜಾರಿನಲ್ಲಿ ಹೋಗಲು ಬಿಟ್ಟು, ಆಮೇಲೆ ಬ್ರೇಕ್ ಒತ್ತಿದರೆ ಬ್ರೇಕೇ ಹಿಡಿಯದೆ ಹೋಗುವ ಸಂಭವವಿತ್ತು. ಕಂಪನಿಯೇ ಅದನ್ನು ಒಪ್ಪಿ, 11,000ಕ್ಕೂ ಹೆಚ್ಚು ವಾಹನಗಳನ್ನು ಹಿಂಪಡೆತದ ಪಟ್ಟಿಗೆ ಸೇರಿಸಿ, ಸರಿಪಡಿಸಿದ ಆವೃತ್ತಿಯನ್ನು ಕಳುಹಿಸಿತು. ಅಲ್ಲಿಯವರೆಗೆ ಆ ಎರಡು ವಿಧಾನಗಳನ್ನು ಬಳಸಬೇಡಿ ಎಂದು ಮಾಲೀಕರಿಗೆ ತಿಳಿಸಲಾಯಿತು.

ಆ 1 ನಿಮಿಷ 40 ಸೆಕೆಂಡನ್ನು ನೆನಪಿಡಿ. ಬಯಲು ಸೀಮೆಯಲ್ಲಿ ಅಷ್ಟು ಹೊತ್ತು ಯಾವ ಪೆಡಲನ್ನೂ ಮುಟ್ಟದೆ ಓಡಿಸುವವರು ಅಪರೂಪ. ಚಾವಣಿಯ ಕೆಳಗೆ ನಿಲ್ಲಿಸಿ ಮಾಡುವ ಪರೀಕ್ಷೆಯಲ್ಲಿ ಅದು ಕಾಣಿಸುವುದೇ ಇಲ್ಲ. ಘಾಟಿಯಲ್ಲಾದರೋ ಗಂಟೆಗೆ 25 ಕಿಲೋಮೀಟರ್ ವೇಗದಲ್ಲಿ ಇಳಿಯುವ ಕಾರು ಅಷ್ಟು ಹೊತ್ತಿನಲ್ಲಿ ಕ್ರಮಿಸುವುದು 700 ಮೀಟರ್. ಹೀಗಾಗಿ ಪರೀಕ್ಷಕನಾಗಿದ್ದಾಗಲೂ ನಾನು ಹೇಳುತ್ತಿದ್ದೆ, ಈಗಲೂ ಹೇಳುತ್ತೇನೆ: ರೀಜನ್ ಎಷ್ಟೇ ಚೆನ್ನಾಗಿ ಹಿಡಿದರೂ ಪ್ರತಿ ತಿರುವಿಗೆ ಮೊದಲು ಬ್ರೇಕ್ ಪೆಡಲನ್ನು ಒಮ್ಮೆ ಮೆಲ್ಲಗೆ ಒತ್ತಿ ನೋಡಿ. ಕಾಲಿಗೆ ಅದರ ಪ್ರತಿರೋಧ ತಿಳಿಯಬೇಕು. ಹೊಸ ಆವೃತ್ತಿ ಬಂದ ಮೇಲೆ ಮೊದಲು ನಿಮ್ಮ ಮನೆಯಿಂದ ಮುಖ್ಯರಸ್ತೆಗೆ ಇಳಿಯುವ ದಾರಿಯಲ್ಲಿ, ನೀವು ಕಣ್ಣುಮುಚ್ಚಿ ಹೇಳಬಲ್ಲ ಇಳಿಜಾರಿನಲ್ಲಿ, ಕಾಲು ತೆಗೆದು ನೋಡಿ. ಯಾವ ಮರದ ಹತ್ತಿರ ಕಾರು ನಡಿಗೆಯ ವೇಗಕ್ಕೆ ಬರುತ್ತಿತ್ತು, ಈಗ ಎಲ್ಲಿ ಬರುತ್ತದೆ? ಅದಕ್ಕಿಂತ ಒಳ್ಳೆಯ ಮಾಪನ ನಮ್ಮ ಕಾರ್ಯಾಗಾರದಲ್ಲೂ ಇಲ್ಲ. ಆಮೇಲೆ ಆಗುಂಬೆಯ ಸೂರ್ಯಾಸ್ತ ನೋಡುವ ಜಾಗದ ಬಳಿ ಒಂದು ನಿಮಿಷ ನಿಲ್ಲಿಸಿ, ರೀಜನ್ ಯಾವ ಮಟ್ಟದಲ್ಲಿದೆ ಎಂದು ಪರದೆಯಲ್ಲಿ ನೋಡಿಕೊಂಡು ಇಳಿಯಿರಿ. ಅಪ್‌ಡೇಟ್ ಆದಾಗ ನೀವು ಆರಿಸಿಟ್ಟ ಮಟ್ಟ ಕಾರ್ಖಾನೆಯ ಮೂಲಮಟ್ಟಕ್ಕೆ ಮರಳಿರುವುದುಂಟು. ಭಾವನವರ ಕಾರಿಗೆ ಆಗಿರುವುದು ಇಷ್ಟೇ ಇದ್ದರೂ ಇರಬಹುದು.

ಈಗ ಜುಲೈನ ಆ ಮುಕ್ಕಾಲು ಗಂಟೆ.

ಕರೆಂಟ್ ಹೋದದ್ದಕ್ಕೂ ಪರದೆ ಕಪ್ಪಾದದ್ದಕ್ಕೂ ಬಹುಶಃ ಸಂಬಂಧವೇ ಇಲ್ಲ. ಅಪ್‌ಡೇಟ್‌ನಲ್ಲಿ ಎರಡು ಬೇರೆ ಬೇರೆ ಕೆಲಸಗಳಿವೆ. ಮೊದಲನೆಯದು ಇಳಿಸಿಕೊಳ್ಳುವುದು. ಕಾರಿನಲ್ಲಿರುವ ಸಿಮ್ ಅಥವಾ ನಿಮ್ಮ ಮನೆಯ ವೈಫೈ ಮೂಲಕ ಕಡತ ಬರುತ್ತದೆ. ನಡುವೆ ಸಿಗ್ನಲ್ ಹೋದರೆ ಅಲ್ಲಿಗೇ ನಿಂತು, ಸಿಕ್ಕಾಗ ನಿಂತಲ್ಲಿಂದ ಮುಂದುವರಿಯುತ್ತದೆ. ಇದು ವಾರ ಹಿಡಿದರೂ ಕಾರಿಗೆ ಏನೂ ಆಗುವುದಿಲ್ಲ, ಹಳೆಯ ತಂತ್ರಾಂಶದಲ್ಲೇ ಅದು ಓಡುತ್ತಿರುತ್ತದೆ. ಕಡತ ಪೂರ್ತಿ ಬಂದ ಮೇಲೆ ಅದರ ಮೇಲಿನ ಡಿಜಿಟಲ್ ಸಹಿಯನ್ನು ಕಾರು ಪರಿಶೀಲಿಸುತ್ತದೆ. ಒಂದು ಅಕ್ಷರ ಹೆಚ್ಚುಕಡಿಮೆಯಾದರೂ ತಿರಸ್ಕರಿಸುತ್ತದೆ. ಎರಡನೆಯದು ಹಾಕಿಕೊಳ್ಳುವುದು. ಆಗ ಇಂಟರ್‌ನೆಟ್ ಬೇಡ. ಮೆಸ್ಕಾಂನ ಕರೆಂಟೂ ಬೇಡ, ಬಹುತೇಕ ಕಾರುಗಳು ಆ ಹೊತ್ತಿನಲ್ಲಿ ಚಾರ್ಜಿಂಗನ್ನು ತಾವೇ ನಿಲ್ಲಿಸುತ್ತವೆ. ನಿಮ್ಮ ಮನೆಯ ದೀಪ ಆರಿದ್ದೂ ಕಾರು ಹಾಕಿಕೊಳ್ಳಲು ಆರಂಭಿಸಿದ್ದೂ ಒಂದೇ ಹೊತ್ತಿಗೆ ಕೂಡಿಬಂದಿರಬೇಕು.

ಮುಕ್ಕಾಲು ಗಂಟೆ ಏಕೆ ಬೇಕಾಯಿತು? ಒಂದು ಕಾರಿನಲ್ಲಿ ಹತ್ತಾರು ಪುಟ್ಟ ಗಣಕಗಳಿವೆ. ಬ್ರೇಕಿಗೊಂದು, ಮೋಟಾರಿಗೊಂದು, ಬ್ಯಾಟರಿಗೊಂದು, ಬಾಗಿಲಿಗೊಂದು, ಸ್ಟೀರಿಂಗಿಗೊಂದು. ಅವುಗಳನ್ನು ಜೋಡಿಸುವ ತಂತಿಜಾಲದ ಹೆಸರು ಕ್ಯಾನ್. 1980ರ ದಶಕದಲ್ಲಿ ಜರ್ಮನಿಯ ಬಾಷ್ ಕಂಪನಿ ರೂಪಿಸಿದ ವ್ಯವಸ್ಥೆ ಅದು. ಇಂದಿಗೂ ಅನೇಕ ಕಾರುಗಳಲ್ಲಿ ಅದರ ವೇಗ ಸೆಕೆಂಡಿಗೆ 500 ಕಿಲೋಬಿಟ್. ಹೊರಗಿನಿಂದ ಕಡತ ಬರುವುದು ಹೊಳೆಯಂತೆ, ಒಳಗೆ ಹರಿಯುವುದು ಅಡಿಕೆ ಮರ ಸೀಳಿ ಮಾಡಿದ ದಂಬೆಯಲ್ಲಿ. ಒಂದು ಗಣಕಕ್ಕೆ 4 ಮೆಗಾಬೈಟ್ ತುಂಬಲು ಆ ದಂಬೆಗೆ ಎಲ್ಲವೂ ಸರಿಯಿದ್ದರೂ ಎರಡು ಮೂರು ನಿಮಿಷ ಬೇಕು. ಹಳೆಯದನ್ನು ಅಳಿಸಿ, ಹೊಸದನ್ನು ಬರೆದು, ಬರೆದದ್ದನ್ನು ಓದಿ ತಾಳೆ ನೋಡಿ, ಮುಂದಿನ ಗಣಕಕ್ಕೆ ಹೋಗಬೇಕು. ಹತ್ತು ಗಣಕಗಳಿದ್ದರೆ ನಿಮ್ಮ ಮುಕ್ಕಾಲು ಗಂಟೆ ಅಲ್ಲಿಗೇ ಹೋಯಿತು. ಪರದೆಯನ್ನು ನಡೆಸುವ ಗಣಕದ ಸರದಿ ಬಂದಾಗ ಪರದೆ ಕಪ್ಪಾಗುವುದು ಸಹಜ. ಅದನ್ನು ಮೊದಲೇ ಹೇಳದೆ ಇದ್ದದ್ದು ಕಂಪನಿಯ ತಪ್ಪು.

ದೊಡ್ಡ ಗಣಕಗಳಲ್ಲಿ ಎರಡು ಕೋಣೆಗಳಿರುತ್ತವೆ. ಒಂದರಲ್ಲಿ ಹಳೆಯ ತಂತ್ರಾಂಶ ನಡೆಯುತ್ತಿರುವಾಗಲೇ ಇನ್ನೊಂದರಲ್ಲಿ ಹೊಸದನ್ನು ಬರೆಯುತ್ತಾರೆ. ಎಲ್ಲ ಸರಿಯಿದ್ದರೆ ಮುಂದಿನ ಸಲ ಕಾರು ಎಚ್ಚರವಾದಾಗ ಹೊಸ ಕೋಣೆಯಿಂದ ಆರಂಭ, ತೊಡಕಾದರೆ ಮತ್ತೆ ಹಳೆಯ ಕೋಣೆಗೆ. ಸಣ್ಣ ಗಣಕಗಳಲ್ಲಿ ಎರಡು ಕೋಣೆಗೆ ಜಾಗವಿಲ್ಲ. ಅಲ್ಲಿ ಅಳಿಸಲಾಗದ ಒಂದು ಚಿಕ್ಕ ತುಣುಕು ಮಾತ್ರ ಇದ್ದು, ಅರ್ಧಕ್ಕೆ ನಿಂತ ಕೆಲಸವನ್ನು ಮತ್ತೆ ಮೊದಲಿನಿಂದ ಮಾಡಿಸುತ್ತದೆ. ಒಂದು ಕಾರಿನ ಅಪ್‌ಡೇಟ್ ನಂಬಿಕೆಗೆ ಅರ್ಹವೇ ಎಂದು ನಾನು ನೋಡುವುದು ಇದನ್ನೇ. ಅದು ಎಂದೂ ಸೋಲುವುದಿಲ್ಲವೇ ಎಂದು ಕೇಳುವುದಿಲ್ಲ, ಸೋತಾಗ ಕಾರು ಯಾವ ಸ್ಥಿತಿಯಲ್ಲಿ ಉಳಿಯುತ್ತದೆ ಎಂದು ಕೇಳುತ್ತೇನೆ. ನಿಮ್ಮ ಕಾರು ಮುಕ್ಕಾಲು ಗಂಟೆಯ ಮೇಲೆ ತಾನಾಗಿ ಎದ್ದಿತು. ಆ ಪರೀಕ್ಷೆಯಲ್ಲಿ ಅದು ಪಾಸಾಗಿದೆ.

ಪಾಸಾಗದ ಕಾರನ್ನೂ ನೋಡಿದ್ದೇನೆ, ಅದರಲ್ಲಿ ನಿಮಗೆ ಉಪಯೋಗವಾಗುವ ಒಂದು ಸಂಗತಿಯಿದೆ. ಎರಡು ವರ್ಷದ ಹಿಂದೆ, ಆಷಾಢದ ಮಳೆ ಬಿಡದೆ ಹೊಯ್ಯುತ್ತಿದ್ದ ವಾರ, ಮೇಗರವಳ್ಳಿ ಹತ್ತಿರದ ಮನೆಯೊಂದರಿಂದ ಕರೆ ಬಂತು. ರಾತ್ರಿ ಅಪ್‌ಡೇಟ್‌ಗೆ ಒಪ್ಪಿಗೆ ಕೊಟ್ಟು ಮಲಗಿದ್ದರು, ಬೆಳಿಗ್ಗೆ ಕಾರು ಹೆಣದಂತೆ ಬಿದ್ದಿತ್ತು. ಪಾಚಿಗಟ್ಟಿದ ಅಂಗಳದಲ್ಲಿ ಜಾರದಂತೆ ಹಾಸಿದ್ದ ಅಡಿಕೆ ದಬ್ಬೆಯ ಮೇಲೆ ಕಾಲಿಡುತ್ತ ಕೊಟ್ಟಿಗೆಯ ಪಕ್ಕದ ಮಾಡಿಗೆ ಹೋದೆ. ಕೀಲಿಯ ಗುಂಡಿ ಒತ್ತಿದರೆ ಸದ್ದಿಲ್ಲ. ಕೀಲಿಯೊಳಗಿನ ಲೋಹದ ಕೀಲಿಕೈಯಿಂದ ಬಾಗಿಲು ತೆರೆದು, ಬಾನೆಟ್ ಎತ್ತಿ, 12 ವೋಲ್ಟಿನ ಚಿಕ್ಕ ಬ್ಯಾಟರಿಗೆ ಮೀಟರ್ ಹಿಡಿದೆ. 10.9 ತೋರಿಸಿತು. ಆರೋಗ್ಯವಾಗಿರುವ ಬ್ಯಾಟರಿ ವಿಶ್ರಾಂತಿಯಲ್ಲಿ 12.6ರ ಆಸುಪಾಸು ತೋರಿಸಬೇಕು.

ಎಲೆಕ್ಟ್ರಿಕ್ ಕಾರಿನಲ್ಲಿ ದೊಡ್ಡ ಬ್ಯಾಟರಿ ಇದ್ದೂ ಈ ಚಿಕ್ಕದು ಬೇಕೇ ಬೇಕು. ಗಣಕಗಳು, ದೀಪ, ಬಾಗಿಲಿನ ಬೀಗ, ಕೊನೆಗೆ ದೊಡ್ಡ ಬ್ಯಾಟರಿಯನ್ನು ಸಂಪರ್ಕಕ್ಕೆ ತರುವ ಕಾಂಟ್ಯಾಕ್ಟರ್ ಕೂಡ ನಡೆಯುವುದು ಇದರಿಂದ. ಅನೇಕ ಕಾರುಗಳಲ್ಲಿ ಅಪ್‌ಡೇಟ್ ನಡೆಯುವಾಗ ದೊಡ್ಡ ಬ್ಯಾಟರಿಯ ಸಂಪರ್ಕ ಕಡಿದಿರುತ್ತದೆ, ಇಡೀ ಹೊರೆ ಈ ಚಿಕ್ಕದರ ಮೇಲೆ. ಆ ಮನೆಯವರು ಹೊರಗಿನ ಅಂಗಡಿಯೊಂದರಲ್ಲಿ ಡ್ಯಾಶ್‌ಕ್ಯಾಮ್ ಹಾಕಿಸಿದ್ದರು. ಅದರ ತಂತಿಯನ್ನು ಕಾರು ಮಲಗಿದ್ದಾಗಲೂ ಕರೆಂಟ್ ಬರುವ ಫ್ಯೂಸಿಗೆ ಕೊಟ್ಟಿದ್ದರು. ಹದಿನೈದು ದಿನ ಕಾರು ಕದಲಿರಲಿಲ್ಲ, ಕ್ಯಾಮೆರಾ ಮಾತ್ರ ಹಗಲಿರುಳು ಬ್ಯಾಟರಿ ಹೀರುತ್ತಿತ್ತು. ಅಪ್‌ಡೇಟ್ ಶುರುವಾಗುವ ಮೊದಲು ಕಾರು ವೋಲ್ಟೇಜ್ ನೋಡಿಯೇ ಒಪ್ಪಿತ್ತು, ಆದರೆ ನಡುವೆ ಅದು ಕುಸಿಯಿತು. ಹೊರೆ ಬಿದ್ದ ಮೇಲೆ ಬ್ಯಾಟರಿ ಎಷ್ಟು ತಡೆಯುತ್ತದೆ ಎಂದು ನೋಡದೆ ಒಪ್ಪಿದ್ದು ತಂತ್ರಾಂಶದ ದೋಷವೇ, ಅದನ್ನು ಕಂಪನಿಗೆ ಬರೆದು ತಿಳಿಸಿದೆ. ಅಂದು ಮಾಡಿದ್ದು ಸರಳ ಕೆಲಸ. ಕ್ಯಾಮೆರಾದ ತಂತಿ ಬಿಚ್ಚಿ, ಪಕ್ಕದಲ್ಲಿದ್ದ ಅವರ ಹಳೆಯ ಜೀಪಿನ ಬ್ಯಾಟರಿಯಿಂದ ಕೇಬಲ್ ಎಳೆದು ಜೋಡಿಸಿ ಕಾದೆವು. ಆ ಮನೆಯ ಅಜ್ಜಿ ಕಾಳುಮೆಣಸಿನ ಕಷಾಯ ತಂದುಕೊಟ್ಟರು. ಲೋಟ ಖಾಲಿಯಾಗುವ ಹೊತ್ತಿಗೆ ಸೀಟಿನ ಕೆಳಗಿನಿಂದ ಕಾಂಟ್ಯಾಕ್ಟರ್ ಕೂಡಿದ ಟಕ್ ಎಂಬ ಸದ್ದು ಕೇಳಿತು. ಪರದೆ ಬೆಳಗಿತು. ಹಳೆಯ ಆವೃತ್ತಿಯಲ್ಲೇ ಕಾರು ಎದ್ದಿತ್ತು. ಹೊಸ ಬ್ಯಾಟರಿ ಹಾಕಿಸಿದ ಮೇಲೆ ಅದೇ ಅಪ್‌ಡೇಟ್ ಯಾವ ತೊಡಕೂ ಇಲ್ಲದೆ ಕುಳಿತಿತು.

ಆದ್ದರಿಂದ ನಿಮ್ಮ ಕಾರಿಗೆ ಹೊರಗಿನವರು ಹಾಕಿದ ಕ್ಯಾಮೆರಾ, ದೀಪ, ಹಾರನ್ ಏನಿದ್ದರೂ ಅದರ ತಂತಿ ಎಲ್ಲಿಗೆ ಹೋಗಿದೆ ಎಂದು ಒಮ್ಮೆ ನೋಡಿಸಿ. ಮಳೆಗಾಲದಲ್ಲಿ ಕಾರು ವಾರಗಟ್ಟಲೆ ನಿಂತಿದ್ದರೆ, ಅಪ್‌ಡೇಟ್ ಹಾಕುವ ದಿನ ಅರ್ಧ ಗಂಟೆ ಓಡಿಸಿ ಬನ್ನಿ. ದೊಡ್ಡ ಬ್ಯಾಟರಿ ಆಗ ಚಿಕ್ಕದನ್ನು ತುಂಬಿಸುತ್ತದೆ. ಹಗಲು ಹೊತ್ತಿನಲ್ಲಿ, ಸೇವಾ ಕೇಂದ್ರ ತೆರೆದಿರುವ ದಿನ ಹಾಕಿ. ಕೀಲಿಯನ್ನು ಕಾರಿನೊಳಗೆ ಬಿಟ್ಟು ಬಾಗಿಲು ಮುಚ್ಚಬೇಡಿ. ಪರದೆ ಎರಡು ಗಂಟೆ ಕಪ್ಪಾಗಿದ್ದರೂ ಬ್ಯಾಟರಿಯ ತಂತಿ ಬಿಚ್ಚಲು ಹೋಗಬೇಡಿ. ಅರ್ಧ ಬರೆದ ಗಣಕವನ್ನು ನಿಜವಾಗಿ ಕೆಡಿಸುವುದು ಆ ಅವಸರವೇ.

ಘಾಟಿಯ ನಡುವೆ ನಿಲ್ಲುವ ಭಯಕ್ಕೆ ಬರುತ್ತೇನೆ. ಹಾಕಿಕೊಳ್ಳುವ ಕೆಲಸ ಕಾರು ಓಡುತ್ತಿರುವಾಗ ಆರಂಭವಾಗುವುದಿಲ್ಲ. ಪಾರ್ಕಿಂಗ್ ಸ್ಥಿತಿ ಬೇಕು, ನಿಮ್ಮ ಒಪ್ಪಿಗೆಯೂ ಬೇಕು. ಆದರೆ ಒಪ್ಪಿಗೆ ಕೊಡುವ ಬೆರಳಿಗೆ ಎಚ್ಚರ ಬೇಕು. 2019ರ ಜನವರಿಯಲ್ಲಿ ಬೀಜಿಂಗ್‌ನ ಚಾಂಗ್‌ಆನ್ ರಸ್ತೆಯಲ್ಲಿ, ವಾಹನಸಂದಣಿಯಲ್ಲಿ ನಿಂತಿದ್ದಾಗ ಅಪ್‌ಡೇಟ್‌ಗೆ ಒಪ್ಪಿಗೆ ಒತ್ತಿದ್ದರಿಂದ ನಿಯೊ ಕಂಪನಿಯ ಕಾರೊಂದು ಒಂದು ಗಂಟೆಗೂ ಹೆಚ್ಚು ಕಾಲ ನಡುರಸ್ತೆಯಲ್ಲಿ ಕದಲದೆ ನಿಂತಿತ್ತು. ಘಾಟಿಯಲ್ಲಿ ಲಾರಿ ಸಿಕ್ಕಿಹಾಕಿಕೊಂಡು ಸಾಲು ನಿಂತಾಗ ಪರದೆಯಲ್ಲಿ ಏನು ಕೇಳಿದರೂ ‘ನಂತರ’ ಎಂದೇ ಒತ್ತಿ. ಹೊಸ ಆವೃತ್ತಿ ಕೆಟ್ಟದ್ದಾಗಿದ್ದು, ಓಡುವಾಗ ತೊಂದರೆ ಕೊಟ್ಟ ಉದಾಹರಣೆಯೂ ಇದೆ. 2025ರ ಅಕ್ಟೋಬರ್‌ನಲ್ಲಿ ಜೀಪ್ ಕಂಪನಿಯ ರ‍್ಯಾಂಗ್ಲರ್ ಹೈಬ್ರಿಡ್‌ಗಳಿಗೆ ಬಂದ ಅಪ್‌ಡೇಟ್‌ನ ಬಳಿಕ ಕೆಲವು ವಾಹನಗಳು ಓಡುತ್ತಿದ್ದಂತೆಯೇ ಎಳೆತ ಕಳೆದುಕೊಂಡವು. ಕಂಪನಿ ಅದನ್ನು ಕೂಡಲೇ ಹಿಂತೆಗೆದುಕೊಂಡಿತು. ಅದಕ್ಕೇ ನಾನು ಹೊರಡುವ ಹಿಂದಿನ ರಾತ್ರಿ ಬೇಡ ಎಂದದ್ದು.

ಇಷ್ಟು ಕೇಳಿದ ಮೇಲೆ ಭಾವನಿಗೆ ಮೊದಲು ಬಂದು ನಿಮಗೆ ತಡವಾದದ್ದು ಅನ್ಯಾಯ ಎನಿಸದು. ತೋಟಕ್ಕೆ ಕೊಳೆರೋಗದ ಔಷಧಿ ಬೋರ್ಡೋ ಹೊಡೆಯುವಾಗ ನೀವು ಮಾಡುವುದನ್ನೇ ನೆನೆಯಿರಿ. ಮೈಲುತುತ್ತಕ್ಕೆ ಸುಣ್ಣ ಸೇರಿಸಿ ಕಲಸಿದ ಕೂಡಲೇ ಇಡೀ ತೋಟಕ್ಕೆ ಹೊಡೆಸುವುದಿಲ್ಲ. ಹೊಳೆಯುವ ಕತ್ತಿಯ ಅಲಗನ್ನು ದ್ರಾವಣದಲ್ಲಿ ಅದ್ದಿ ನೋಡುತ್ತೀರಿ. ಅಲಗಿನ ಮೇಲೆ ಕೆಂಪು ತಾಮ್ರ ಕುಳಿತರೆ ಸುಣ್ಣ ಸಾಲದು, ಹಾಗೇ ಹೊಡೆದರೆ ಹಿಂಗಾರವೂ ಎಳೆಗಾಯಿಯೂ ಸುಟ್ಟುಹೋಗುತ್ತವೆ. ಒಳ್ಳೆಯ ಕಂಪನಿ ಮಾಡುವುದೂ ಇದೇ. ಮೊದಲು ತನ್ನ ನೌಕರರ ಕಾರುಗಳಿಗೆ, ಆಮೇಲೆ ನೂರಕ್ಕೆ ಒಂದು ಪಾಲಿಗೆ, ಕೆಲವು ದಿನ ಕಾದು ಐದು ಪಾಲಿಗೆ, ಹೀಗೆ ಹರಡುತ್ತಾರೆ. ಪ್ರತಿ ಹಂತದಲ್ಲಿ ಎಷ್ಟು ಕಾರುಗಳಲ್ಲಿ ಹಾಕಿಕೊಳ್ಳುವುದು ಸೋತಿತು, ಯಾವ ಹೊಸ ದೋಷ ದಾಖಲಾಯಿತು, ಚಿಕ್ಕ ಬ್ಯಾಟರಿ ಎಷ್ಟು ಇಳಿಯಿತು ಎಂಬುದೆಲ್ಲ ಕಾರುಗಳಿಂದ ಮರಳಿ ಬರುತ್ತದೆ. ಸಂಖ್ಯೆ ಕೆಟ್ಟರೆ ಅಲ್ಲಿಗೇ ತಡೆ.

2023ರ ನವೆಂಬರ್‌ನಲ್ಲಿ ಅಮೆರಿಕದ ರಿವಿಯನ್ ಕಂಪನಿಯನ್ನು ಕಾಪಾಡಿದ್ದು ಈ ಹಂತ ಹಂತದ ಹಂಚಿಕೆಯೇ. ತಪ್ಪು ಭದ್ರತಾ ಪ್ರಮಾಣಪತ್ರಗಳಿದ್ದ ತಪ್ಪು ಕಡತವೊಂದು ಹೊರಗೆ ಹೋಯಿತು. ಕಾರುಗಳ ಪರದೆಗಳು ಸತ್ತಂತಾದವು. ಕಾರುಗಳು ಓಡುತ್ತಿದ್ದವು, ಆದರೆ ಪರದೆ ಕೆಲಸಮಾಡುತ್ತಿರಲಿಲ್ಲ. ಕಂಪನಿ ಹಂಚಿಕೆಯನ್ನು ನಿಲ್ಲಿಸಿ, ತಪ್ಪು ತನ್ನದೇ ಎಂದು ಅಂದೇ ಬಹಿರಂಗವಾಗಿ ಒಪ್ಪಿಕೊಂಡಿತು. ಒಂದೇ ಸಲ ಎಲ್ಲರಿಗೂ ಕಳುಹಿಸಿದ್ದರೆ ಅದರ ಕಾರುಗಳೆಲ್ಲ ಆ ದಿನ ಕುರುಡಾಗುತ್ತಿದ್ದವು.

ಭಾವನವರದೂ ನಿಮ್ಮದೂ ಒಂದೇ ಮಾದರಿಯಾದರೂ ಒಂದೇ ಕಾರಲ್ಲ ಎಂಬುದೂ ಇದೆ. 2021ರ ಹೊತ್ತಿಗೆ ಜಗತ್ತಿನಲ್ಲಿ ಚಿಪ್ ಕೊರತೆ ಬಂದಾಗಿನಿಂದ ಕಂಪನಿಗಳು ಒಂದೇ ಭಾಗಕ್ಕೆ ಎರಡು ಮೂರು ಕಡೆಯ ಚಿಪ್‌ಗಳನ್ನು ಬಳಸುವುದು ಹೆಚ್ಚಾಗಿದೆ. ನಿಮ್ಮ ಬ್ರೇಕಿನ ಗಣಕ ಒಬ್ಬ ತಯಾರಕರದು, ಭಾವನದು ಇನ್ನೊಬ್ಬರದು ಇರಬಹುದು. ಪ್ರತಿಯೊಂದು ಜೋಡಣೆಗೂ ಬೇರೆ ಪರೀಕ್ಷೆ ನಡೆಯಬೇಕು. ಜೊತೆಗೆ ನಿಮ್ಮ ಊರಿನಲ್ಲಿ ಸಿಗ್ನಲ್ ಒಂದು ಕಡ್ಡಿಗೆ ಇಳಿದಿದ್ದರೆ ಕಡತ ಬರುತ್ತಲೇ ಇರಬಹುದು. ಪೇಟೆಗೆ ಹೋದಾಗ ಸಿಗ್ನಲ್ ಚೆನ್ನಾಗಿರುವಲ್ಲಿ ಕಾರನ್ನು ಎಚ್ಚರ ಸ್ಥಿತಿಯಲ್ಲಿ ಒಂದು ಗಂಟೆ ಇರಿಸಿ ನೋಡಿ.

ಹಾಗೆಂದು ಅಪ್‌ಡೇಟನ್ನು ಮುಂದೂಡುತ್ತಲೇ ಹೋಗಬೇಡಿ. ಪರೀಕ್ಷಕರು ಹೆಚ್ಚು ಶ್ರಮ ಹಾಕುವುದು ಹಿಂದಿನ ಆವೃತ್ತಿಯಿಂದ ಹೊಸದಕ್ಕೆ ಹೋಗುವ ದಾರಿಗೆ. ನಾಲ್ಕು ಆವೃತ್ತಿ ಹಿಂದೆ ಉಳಿದ ಕಾರು ಒಮ್ಮೆಗೇ ಜಿಗಿಯುವ ದಾರಿ ಅಷ್ಟು ಸವೆದಿರುವುದಿಲ್ಲ. ಒಳ್ಳೆಯದೂ ಇದೇ ದಾರಿಯಲ್ಲಿ ಬರುತ್ತದೆ. 2018ರಲ್ಲಿ ಅಮೆರಿಕದ ಗ್ರಾಹಕ ಪರೀಕ್ಷಾ ಸಂಸ್ಥೆಯೊಂದು ಟೆಸ್ಲಾ ಮಾಡೆಲ್ 3 ಕಾರು ನಿಲ್ಲಲು ತೀರಾ ದೂರ ತೆಗೆದುಕೊಳ್ಳುತ್ತದೆ ಎಂದು ಬರೆದಾಗ, ಕೆಲವೇ ದಿನಗಳಲ್ಲಿ ಬಂದ ಅಪ್‌ಡೇಟ್‌ನಿಂದ ಗಂಟೆಗೆ ಸುಮಾರು 96 ಕಿಲೋಮೀಟರ್ ವೇಗದಿಂದ ನಿಲ್ಲುವ ದೂರ 6 ಮೀಟರ್‌ನಷ್ಟು ಕಡಿಮೆಯಾಯಿತು. ಯಾರೂ ಸ್ಪ್ಯಾನರ್ ಮುಟ್ಟಲಿಲ್ಲ. ಘಾಟಿಯ ತಿರುವಿನಲ್ಲಿ ಎದುರಿಗೆ ಬಸ್ಸು ಬಂದಾಗ 6 ಮೀಟರ್ ಎಂದರೆ ಏನೆಂದು ನಿಮಗೆ ಹೇಳಬೇಕಿಲ್ಲ. ಸುರಕ್ಷತೆಯ ದೋಷ ಸರಿಪಡಿಸಲು ಬಂದದ್ದು ಎಂದು ಕಂಪನಿ ತಿಳಿಸಿದ್ದರೆ ಮೊದಲ ಬಿಡುವಿನಲ್ಲೇ ಹಾಕಿ. ಬೇರೆಯದಾದರೆ, ಒಪ್ಪಿಗೆ ಕೇಳಿದ ದಿನದಿಂದ ಹತ್ತು ಹದಿನೈದು ದಿನ ತಡೆದು, ಮೊದಲು ಹಾಕಿಕೊಂಡವರ ಅನುಭವ ಕೇಳಿ. ಒಮ್ಮೆ ಹಾಕಿದ ಮೇಲೆ ಹಳೆಯದಕ್ಕೆ ಮರಳಿಸುವ ಗುಂಡಿ ನಿಮ್ಮ ಕೈಯಲ್ಲಿರುವುದಿಲ್ಲ.

ನನಗೆ ನಿಜವಾಗಿ ಸಿಟ್ಟು ಬರುವುದು ತಡವಾದದ್ದಕ್ಕಲ್ಲ, ಏನು ಬದಲಾಯಿತು ಎಂದು ಹೇಳದೆ ಬದಲಿಸುವುದಕ್ಕೆ. ‘ಕಾರ್ಯಕ್ಷಮತೆ ಸುಧಾರಣೆ ಮತ್ತು ದೋಷ ಪರಿಹಾರ’ ಎಂಬ ಒಂದೇ ಸಾಲು, ಅದೂ ಇಂಗ್ಲಿಷಿನಲ್ಲಿ. ರೀಜನ್ ಬಲವನ್ನು ಇಳಿಸಿದ್ದರೆ ಆ ಮಾತನ್ನು ಕನ್ನಡದಲ್ಲಿ ಒಂದು ವಾಕ್ಯ ಬರೆಯಲು ಎಷ್ಟು ಖರ್ಚು? ಮಲೆನಾಡಿನಲ್ಲಿ ಕಾರು ಮಾರುವವರಿಗೆ ಘಾಟಿ ಇಳಿಯುವವರು ಗ್ರಾಹಕರೆಂದು ಗೊತ್ತಿದೆ. ವಿಶ್ವಸಂಸ್ಥೆಯ ವಾಹನ ನಿಯಮಗಳಲ್ಲಿ 2021ರಿಂದ ಜಾರಿಯಲ್ಲಿರುವ 156ನೇ ನಿಯಮವು ಇದನ್ನೇ ಹೇಳುತ್ತದೆ: ಅಪ್‌ಡೇಟ್‌ನ ಉದ್ದೇಶ, ಅದರಿಂದ ಆಗುವ ಬದಲಾವಣೆ, ತಗಲುವ ಸಮಯ, ಆ ಹೊತ್ತಿನಲ್ಲಿ ಸಿಗದ ಸೌಲಭ್ಯಗಳು ಬಳಕೆದಾರರಿಗೆ ಮೊದಲೇ ತಿಳಿಯಬೇಕು. ಸೋತರೆ ಕಾರು ಹಳೆಯ ಆವೃತ್ತಿಗೆ ಅಥವಾ ಸುರಕ್ಷಿತ ಸ್ಥಿತಿಗೆ ಮರಳಬೇಕು. ಯುರೋಪಿನಲ್ಲಿ 2024ರ ಜುಲೈನಿಂದ ಎಲ್ಲ ಹೊಸ ಕಾರುಗಳಿಗೂ ಅದು ಕಡ್ಡಾಯ. ನಮ್ಮಲ್ಲಿ ಅದೇ ಜಾಡಿನಲ್ಲಿ ಎಐಎಸ್-190 ಎಂಬ ಮಾನದಂಡ ರೂಪುಗೊಂಡಿದೆ. ಅದು ಬೇಗ ಎಲ್ಲ ವಾಹನಗಳಿಗೂ ಕಡ್ಡಾಯವಾಗಬೇಕೆಂದು ನಾನು ಸಂಬಂಧಪಟ್ಟವರಿಗೆ ಬರೆಯುತ್ತಲೇ ಇದ್ದೇನೆ.

ಅಲ್ಲಿಯವರೆಗೆ ನಿಮ್ಮ ದಾಖಲೆಯನ್ನು ನೀವೇ ಇಟ್ಟುಕೊಳ್ಳಿ. ಅಪ್‌ಡೇಟ್‌ಗೆ ಮೊದಲು ಮತ್ತು ಆದ ಮೇಲೆ, ಪರದೆಯಲ್ಲಿ ಕಾಣುವ ಆವೃತ್ತಿ ಸಂಖ್ಯೆಯ ಚಿತ್ರ ತೆಗೆದಿಡಿ. ಸೇವಾ ಕೇಂದ್ರಕ್ಕೆ ಕಾರು ಕೊಟ್ಟಾಗ ಜಾಬ್ ಕಾರ್ಡಿನಲ್ಲಿ ಆ ಸಂಖ್ಯೆ ಬರೆಸಿ. ‘ಈ ಆವೃತ್ತಿಯಲ್ಲಿ ರೀಜನ್ ಅಥವಾ ಬ್ರೇಕಿಗೆ ಸಂಬಂಧಿಸಿದ ಬದಲಾವಣೆ ಇದೆಯೇ’ ಎಂಬ ಒಂದೇ ಪ್ರಶ್ನೆಯನ್ನು ಷೋರೂಮಿಗಲ್ಲ, ಕಂಪನಿಯ ಗ್ರಾಹಕ ವಿಭಾಗಕ್ಕೆ ಇಮೇಲ್ ಮಾಡಿ. ಬಾಯಿಮಾತಿನ ಉತ್ತರ ಬೇಡ. ಬ್ರೇಕಿನಲ್ಲಿ ನಿಜವಾದ ತೊಂದರೆ ಕಂಡರೆ ಕಾರು ನಿಲ್ಲಿಸಿ, ಪರಿವಾಹನ್ ಜಾಲತಾಣದ ವಾಹನ ಹಿಂಪಡೆತ ವಿಭಾಗದಲ್ಲಿ ದೂರು ದಾಖಲಿಸಿ. 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಗೆ ಸೇರಿದ 110ಎ ಕಲಮಿನಂತೆ ದೋಷಯುಕ್ತ ವಾಹನಗಳನ್ನು ಹಿಂಪಡೆಯಲು ಕಂಪನಿಗೆ ಆದೇಶಿಸುವ ಅಧಿಕಾರ ಕೇಂದ್ರ ಸರ್ಕಾರಕ್ಕಿದೆ. ದೋಷ ಕಬ್ಬಿಣದಲ್ಲಿರಲಿ, ತಂತ್ರಾಂಶದಲ್ಲಿರಲಿ, ದೂರು ಕೊಡುವ ಹಕ್ಕು ಒಂದೇ.

ಸದ್ಯಕ್ಕೆ ಒಂದು ಕೆಲಸ ಮಾಡಿ. ನಿಮ್ಮ ಕಾರಿನ ಮತ್ತು ಭಾವನವರ ಕಾರಿನ ಆವೃತ್ತಿ ಸಂಖ್ಯೆಗಳನ್ನೂ ತಯಾರಾದ ತಿಂಗಳನ್ನೂ ಬರೆದು ಕಳುಹಿಸಿ, ಜೊತೆಗೆ ಭಾವನವರ ಕಾರಿನಲ್ಲಿ ರೀಜನ್ ಮಟ್ಟ ಈಗ ಎಷ್ಟಕ್ಕೆ ಇದೆ ಎಂದೂ ಕೇಳಿ ತಿಳಿಸಿ. ಮುಂದಿನ ಸಲ ನೀವು ಮಣಿಪಾಲಕ್ಕೆ ಹೊರಡುವುದರೊಳಗೆ ಉತ್ತರಿಸುತ್ತೇನೆ.